ಕೆನಡಾದವರ ಬಟಾಟೆ

ಇಂಟರ್‌ನ್ಯಾಷನಲ್ ಸಿಟಿಯ ಕಂಪನಿ ಫ್ಲ್ಯಾಟಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದವರು ಜೆಬೆಲ್ ಅಲಿ ಬಂದರಿನಲ್ಲಿ ಕ್ರೇನ್ ನಡೆಸಲು ಕಲಿಸುತ್ತಿದ್ದ ಕೆನಡಾದ ಹಿರಿಯರು. ಚಪಾತಿ ಬಡಿಸಿದರೂ, ಚಹಾಕ್ಕೆ ಸಕ್ಕರೆ ಹಾಕಿದರೂ ಬೆರಳೆತ್ತಿ ಅರಬ್ಬಿಯಲ್ಲಿ, "ಬಸ್ ವಾಹಿದ್," ಒಂದೇ ಸಾಕು, ಎನ್ನುತ್ತಿದ್ದರು.

ಒಂದು ಶುಕ್ರವಾರ ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಮೊಳಕೆ ಬಂದ ಬಟಾಟೆ ಕಂಡೆ. ಹಾಳಾಗುತ್ತದಲ್ಲ ಎಂದು ಅಷ್ಟನ್ನೂ ಸಿಪ್ಪೆ ತೆಗೆದು ಪಲ್ಯ ಮಾಡಿಬಿಟ್ಟೆ. ಅವರು ಬಂದು ಖಾಲಿ ಬುಟ್ಟಿ ನೋಡಿ ಸ್ಟೂಲಿನ ಮೇಲೆ ಕೂತರು. ಆಮೇಲೆ ಮೆಲ್ಲಗೆ ಹೇಳಿದರು. ಅವರ ಅಜ್ಜನ ಅಜ್ಜ ಐರ್ಲೆಂಡಿನ ರೈತ. ಊರು ಬಿಟ್ಟು ಹಡಗು ಹತ್ತುವಾಗ ಕೋಟಿನ ಜೇಬಿನಲ್ಲಿ ತಂದ ಬಿತ್ತನೆಯ ತಳಿ ಅದು. ಮನೆಯವರು ಎಲ್ಲಿಗೆ ಹೋದರೂ ಬೆಳೆದು, ಮುಂದಿನ ವರ್ಷಕ್ಕೆ ಉಳಿಸುತ್ತ ಬಂದಿದ್ದರು. ಇವರು ಬೆಳೆದದ್ದು ನಮ್ಮ ಬಾಲ್ಕನಿಯ ಬಕೆಟಿನಲ್ಲಿ.

ನನಗೆ ನನ್ನ ಅಜ್ಜನ ಅಪ್ಪನ ಹೆಸರೂ ಗೊತ್ತಿಲ್ಲ. "ಸಾರಿ ಸರ್," ಎಂದೆ.

ಅವರು ಕಸದ ಬುಟ್ಟಿಯಿಂದ ಸಿಪ್ಪೆಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದರು. ಹಸಿವಿನ ವರ್ಷಗಳಲ್ಲಿ ಆ ಅಜ್ಜನೂ ತಿರುಳು ತಿಂದು, ಮೊಳಕೆಯಿದ್ದ ಬರೀ ಸಿಪ್ಪೆ ನೆಟ್ಟು ಬೆಳೆದಿದ್ದನಂತೆ. ಕೊನೆಗೆ ಮೊಳಕೆ ಮುರಿಯದ ಒಂದು ದಪ್ಪ ಸಿಪ್ಪೆ ಸಿಕ್ಕಿತು. ಇನ್ನಷ್ಟು ಹುಡುಕಲು ನಾನೂ ಬಗ್ಗಿದೆ.

"ಬಸ್ ವಾಹಿದ್," ಎಂದು ಬಾಲ್ಕನಿಗೆ ನಡೆದರು.