ಅಕ್ಕನ ಅಂಗಾಲಿನ ಮಚ್ಚೆ

ಹೊಸ ಚಪ್ಪಲಿಯ ವಾಸನೆ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ನಾನರಿಯೆ. ನಮ್ಮ ಸೀಮೆಯ ಚಪ್ಪಲಿಗೊಂದು ಒಗರು ವಾಸನೆಯುಂಟು. ಸಂಡೂರು ಗುಡ್ಡದ ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲಿನದು. ಮೊನ್ನೆ ಹೊಸಪೇಟೆ ಸಂತೆಯಲ್ಲಿ ಒಂದು ಜೊತೆಯನ್ನು ಮೂಗಿನ ಹತ್ತಿರ ಹಿಡಿದು ಹಾಗೇ ನಿಂತುಬಿಟ್ಟಿದ್ದೆ. ಮಾರುವವನು, "ಯಾಕ್ರಿ ಮೇಷ್ಟ್ರ, ಕಾಲಿಗೆ ಹಾಕ್ಕೊಳ್ಳೋದನ್ನ ಮೂಗಿಗೆ ಹಿಡದೀರಿ?" ಎಂದು ನಕ್ಕ. ನನಗೆ ನೀಲಕ್ಕ ನೆನಪಾಗಿದ್ದಳು. ಅದನ್ನು ಸಂತೆಯಲ್ಲಿ ಹೇಳಲಾದೀತೆ?

ನೀಲಕ್ಕ ನನ್ನ ಒಡಹುಟ್ಟಿದವಳು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು. ಅವಳನ್ನು ಕಂಪ್ಲಿಗೆ ಕೊಟ್ಟಿತ್ತು. ಕಬ್ಬಿನ ಗದ್ದೆ, ಎರಡು ಎಮ್ಮೆ, ಕೈತುಂಬ ಕೆಲಸ. ನಮ್ಮ ಮನೆತನದಲ್ಲಿ ನನಗಿಂತ ಮುಂಚಿನವರೆಲ್ಲ ಹೆಬ್ಬೆಟ್ಟು ಒತ್ತಿದವರೇ. ನಾನೊಬ್ಬ ವಾರಾನ್ನ ಉಂಡು, ಬೀದಿ ದೀಪದಡಿ ಓದಿ, ಮದ್ರಾಸಿನಿಂದ ಬಿ.ಎ. ಮಾಡಿಕೊಂಡು ಬಂದೆ. ಹೊಸಪೇಟೆಯಲ್ಲಿ ಮೇಷ್ಟ್ರಾಗಿ, ಅಲ್ಲಿನ ಚಿತ್ತವಾಡ್ಗಿಯ ಬಾಡಿಗೆ ಮನೆಯ ಬಾಗಿಲಿಗೆ ಹೆಸರಿನ ಹಲಗೆ ಹೊಡೆಸಿದ್ದೆ. ಅದರಲ್ಲಿ ಹೆಸರಿಗಿಂತ ಬಿ.ಎ. ದಪ್ಪಗಿತ್ತು.

ನಮ್ಮ ಕಡೆ ಮಚ್ಚೆಗೆ ಫಲ ಹೇಳುತ್ತಾರೆ. ತುಟಿಯ ಮೇಲಿದ್ದರೆ ಮಾತುಗಾರ, ಹೆಗಲ ಮೇಲಿದ್ದರೆ ಸಂಸಾರದ ಹೊರೆ, ಅಂಗಾಲಿನಲ್ಲಿದ್ದರೆ ದೇಶಸಂಚಾರ. ಅಕ್ಕನಿಗೆ ಬಲ ಅಂಗಾಲಿನಲ್ಲಿ, ಕಿರುಬೆರಳಿನ ಬುಡಕ್ಕೆ ಒಂದು ಮಚ್ಚೆಯಿತ್ತು. ಅವಳು ಕಂಡ ದೇಶವೆಂದರೆ ಇತ್ತ ಹೊಸಪೇಟೆ, ಅತ್ತ ಹಂಪಿ. "ಮಚ್ಚಿ ನನ್ನ ಕಾಲಾಗ, ತಿರುಗಾಟ ನಿನ್ನ ಕಾಲಿಗೆ. ನನ್ನ ಫಲ ನೀ ಕಸಗೊಂಡಿ ನೋಡು ತಮ್ಮಾ" ಎಂದು ನಗುತ್ತಿದ್ದಳು.

ಒಮ್ಮೆ ಅವಳು ಕಂಪ್ಲಿಯಿಂದ ಬಂದಾಗ ಹೊಸ್ತಿಲಲ್ಲಿ ನಾನೇ ಅವಳ ಕಾಲಿಗೆ ನೀರು ಹಾಕಿದೆ. ಎಳ್ಳಿನಷ್ಟಿದ್ದ ಮಚ್ಚೆ ಹುಣಸೆಬೀಜದಷ್ಟಾಗಿತ್ತು. ಅಂಚು ನೆಟ್ಟಗಿರಲಿಲ್ಲ, ಒರಟು ಕಾಗದದ ಮೇಲೆ ಮಸಿ ಚೆಲ್ಲಿದ ಹಾಗೆ ಹರಡಿತ್ತು.

"ಇದೇನಕ್ಕ?"

"ನೀ ಬಿ.ಎ. ಆದಿ, ಅದೂ ದೊಡ್ಡದಾತು. ಬಿಡು, ದೃಷ್ಟಿ ಹಾಕಬ್ಯಾಡ."

ಮರುದಿನ ಅವಳನ್ನು ಊರಿನ ಡಾಕ್ಟರರೊಬ್ಬರ ಬಳಿ ಕರೆದೊಯ್ದೆ. ಅವರೂ ಮದ್ರಾಸಿನಲ್ಲಿ ಓದಿದವರು. ಇಂಗ್ಲಿಷಿನಲ್ಲಿ ಮಾತು ಶುರುವಾಯಿತು. ಕಾಲೇಜು, ಸಮುದ್ರದಂಡೆ, ಪ್ರೊಫೆಸರರ ಪೇಟ, ಎಲ್ಲ ಆಯಿತು. ಅಕ್ಕನ ಕಾಲಿನ ಕಥೆಯನ್ನೂ ನಾನೇ ವ್ಯಾಕರಣ ತಪ್ಪದೆ ಒಪ್ಪಿಸಿದೆ. ಅಕ್ಕ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ, "ನೀ ಸುಮ್ಮಿರಕ್ಕ, ನಾ ಹೇಳ್ತೀನಿ" ಎಂದೆ. ಡಾಕ್ಟರು ಒಮ್ಮೆ ಬಗ್ಗಿ ನೋಡಿ, ಆಣಿ, ಗದ್ದೆಯಲ್ಲಿ ನಡೆಯುವವರಿಗೆ ಸಹಜ, ಎಂದು ಹಚ್ಚಿಕೊಳ್ಳಲು ಮದ್ದು ಕೊಟ್ಟರು. ಬರುವಾಗ ನನ್ನ ಎದೆ ಉಬ್ಬಿತ್ತು.

ಎರಡು ತಿಂಗಳ ಮೇಲೆ ನಾನು ಕಂಪ್ಲಿಗೆ ಹೋದ ದಿನ, ಸಮಗಾರ ಹುಲಿಗೆಪ್ಪ ಅಕ್ಕನ ಹಳೆಯ ಚಪ್ಪಲಿಗೆ ಅಟ್ಟೆ ಹಾಕಲು ಬಂದು ಕಟ್ಟೆಯ ಕೆಳಗೆ ಕುಳಿತಿದ್ದ. ಚಪ್ಪಲಿಯನ್ನು ಬಿಸಿಲಿಗೆ ಹಿಡಿದು ನೋಡಿ ಕೇಳಿದ:

"ಅವ್ವಾರ, ಕಾಲಿಗೇನಾಗೇತ್ರಿ?"

"ಆಣಿ. ಡಾಕ್ಟರು ನೋಡ್ಯಾರ" ಎಂದೆ ನಾನು.

"ಆಣಿ ಅಲ್ರಿ ಮೇಷ್ಟ್ರ. ಆಣಿ ಇದ್ದಲ್ಲಿ ತೊಗಲು ಗುಣಿ ಬೀಳತೈತಿ. ಇಲ್ಲಿ ಗುಣಿ ಇಲ್ಲ, ರಕ್ತ ಐತಿ. ಹಳೇದರ ಮ್ಯಾಲ ಹೊಸದು."

"ನಿನ್ನ ಕೆಲಸ ನೀ ಮಾಡೋ. ಡಾಕ್ಟರಿಗಿಂತ ಶಾಣ್ಯಾ ಏನು ನೀ?"

ಅವನು ಸಿಟ್ಟಾಗಲಿಲ್ಲ. "ಅವ್ರು ಕಾಲು ನೋಡ್ಯಾರ್ರಿ. ನಾ ಚಪ್ಪಲಿ ನೋಡೀನಿ" ಎಂದು ದಾರಕ್ಕೆ ಮೇಣ ತಿಕ್ಕತೊಡಗಿದ.

ನಾನು ಅಕ್ಕನ ಕಡೆ ತಿರುಗಿದೆ. "ರಕ್ತ ಬರ್ತಿತ್ತಾ?"

"ಬರ್ತಿತ್ತಪ, ಸುಗ್ಗಿಯಿಂದ."

"ಡಾಕ್ಟರಿಗ್ಯಾಕ ಹೇಳ್ಲಿಲ್ಲ?"

"ನೀವಿಬ್ರೂ ಇಂಗ್ಲಿಷಿನ್ಯಾಗ ನಕ್ಕೋತ ಕುಂತಿದ್ರಿ. ನಡುವ ನನ್ನ ಕಾಲಿತ್ತು, ನಾನಿರಲಿಲ್ಲ."

ಓದುಗರೇ, ನಾನು ಬರೆದ ಪರೀಕ್ಷೆಗಳಲ್ಲಿ ಯಾವುದರಲ್ಲೂ ನಪಾಸಾದವನಲ್ಲ. ಅಂದು ಆ ಕಟ್ಟೆಯ ಮೇಲೆ ಆದೆ.

ಮೂರನೆಯ ದಿನ ರೈಲು ಹತ್ತಿ ಬಳ್ಳಾರಿಗೆ ಹೋದೆವು. ಅಲ್ಲಿನ ಲೇಡಿ ಡಾಕ್ಟರು ತೆಲುಗಿನವರು, ಕನ್ನಡವೂ ಬರುತ್ತಿತ್ತು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ, "ಮೇಷ್ಟಾರು, ಮೀರು ಬಯಟ ಕೂರ್ಚೋಂಡಿ" ಎಂದು ಹೊರಗೆ ಕಳಿಸಿದರು. ಬಾಗಿಲಾಚೆ ಬಹಳ ಹೊತ್ತು ಅಕ್ಕನ ದನಿಯೇ ಕೇಳುತ್ತಿತ್ತು. ರೋಗ ಮೇಲಕ್ಕೆ ಹರಡಿದೆಯೇ ಎಂದು ಡಾಕ್ಟರು ತೊಡೆಯ ಸಂದಿಯನ್ನೂ ಮುಟ್ಟಿ ನೋಡಿದರಂತೆ, ಗಂಟು ಸಿಕ್ಕಲಿಲ್ಲ. ಆಮೇಲೆ ನನ್ನನ್ನು ಕರೆದು ಹೇಳಿದರು: ಇದು ಆಣಿಯಲ್ಲ, ಮಚ್ಚೆಯೇ ಕೆಟ್ಟು ಕ್ಯಾನ್ಸರಾಗಿದೆ, ಕಿರುಬೆರಳು, ಸುತ್ತಲ ಮಾಂಸ ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಬರುತ್ತದೆ.

ಅಕ್ಕ ಒಪ್ಪಲಿಲ್ಲ. ಬೆರಳಿಗಾಗಿ ಅಲ್ಲ.

"ಮಚ್ಚಿ ತಗದ್ರ ನಿನ್ನ ಪದವಿ, ನೌಕರಿ? ಇದರ ಬಲದಿಂದ ಬಂದದ್ದದು. ಬ್ಯಾಡ ತಮ್ಮಾ, ನನಗೇನು, ವಯಸ್ಸಾತು."

ಅವಳಿಗೆ ಆಗ ನಲವತ್ತೂ ಆಗಿರಲಿಲ್ಲ.

"ಪದವಿ ಮದ್ರಾಸಿನ ಕಾಗದದಾಗ ಐತಕ್ಕ, ನಿನ್ನ ಅಂಗಾಲಾಗಿಲ್ಲ" ಎಂದೆ. ಹೇಳಿದ ಮೇಲೆ, ಅದು ಪೂರ್ತಿ ನಿಜವೇ ಎಂಬ ಅನುಮಾನ ನನಗೇ ಬಂತು. ಅಕ್ಕ, "ನೌಕರಿ ಹೋದ್ರ ನನ್ನ ಬೈಬಾರದು" ಎಂದು ಕಾಲು ಚಾಚಿದಳು.

ಆಮೇಲೆ ಹದಿನಾಲ್ಕು ವರ್ಷ ಬದುಕಿದಳು. ನಾಲ್ಕು ಬೆರಳಿನ ಕಾಲಿಗೆ ಹುಲಿಗೆಪ್ಪ ಬೇರೆಯೇ ಅಳತೆಯ ಚಪ್ಪಲಿ ಹೊಲಿದು ಕೊಡುತ್ತಿದ್ದ. ಅವನ ಮುಂದೆ ನಾನೊಮ್ಮೆ ತಪ್ಪಾಯಿತೆನ್ನಲು ಹೋದೆ. "ಕಾಲು ಹಿಂಗಿಡ್ರಿ, ನಿಮ್ಮ ಅಳತೀನೂ ತಗೊಂತೀನಿ" ಎಂದು ಮಾತು ತಿರುಗಿಸಿದ. ಅಕ್ಕನನ್ನು ಕೊನೆಗೆ ಕೊಂಡೊಯ್ದದ್ದು ಕಂಪ್ಲಿಯ ಚಳಿಜ್ವರ. ನನ್ನ ನೌಕರಿ ಹೋಗಲಿಲ್ಲ. ತಿರುಗಾಟ ಮಾತ್ರ ನಿಂತಿತು. ಹೊಸಪೇಟೆ ಬಿಟ್ಟು ಎಲ್ಲಿಗೂ ವರ್ಗವಾಗಲಿಲ್ಲ. ಅದಕ್ಕೂ ಅವಳ ಬಳಿ ಕಾರಣವಿತ್ತು, ನಾನು ವಾದಿಸಲಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರಾಚಮ್ಮ ಬಂದಳು. ಬೆನ್ನ ಮೇಲೊಂದು ಕರೀ ಗುಳ್ಳೆ, ಊರಿಗೆ ಬಂದಿರುವ ಹೊಸ ಡಾಕ್ಟರಿಗೆ ತೋರಿಸಬೇಕಂತೆ. "ನೀವು ಬಂದು ಇಂಗ್ಲಿಷಿನ್ಯಾಗ ನಾಕು ಮಾತು ಹೇಳ್ರಿ ಮೇಷ್ಟ್ರ" ಎಂದಳು. ಅಂಗಿ ತೊಟ್ಟು ಹೊರಟೆ. ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು. "ಅವ್ರನ್ನ ಕೇಳ್ರಿ. ಬೆನ್ನು ಅವ್ರದು" ಎಂದೆ. ರಾಚಮ್ಮ ಸೊಸೆಯ ಜಗಳದಿಂದ ಶುರು ಮಾಡಿದಳು. ಅಲ್ಲಿಂದ ಎಮ್ಮೆಗೆ ಹೋದಳು, ಎಮ್ಮೆಯಿಂದ ಜಾತ್ರೆಗೆ. ನನ್ನ ನಾಲಗೆಯ ತುದಿಯಲ್ಲಿ ಒಂದು ಅಚ್ಚುಕಟ್ಟಾದ ಇಂಗ್ಲಿಷ್ ವಾಕ್ಯ ಕುಣಿಯುತ್ತಿತ್ತು. ಅದನ್ನು ನುಂಗಿಕೊಂಡು ಕುಳಿತೆ. ಕೊನೆಗೆ, ಡಾಕ್ಟರು ಬೇಸತ್ತು ಕುರ್ಚಿಯಿಂದ ಎದ್ದಾಗ, ರಾಚಮ್ಮ ಹೇಳಿದಳು: "ಮತ್ತ ರಾತ್ರಿ ಮಗ್ಗಲಾದ್ರ ಸೀರಿಗೆ ಒಂದೀಟು ರಕ್ತ ಹತ್ತತೈತ್ರಿ."

ಡಾಕ್ಟರು ಮತ್ತೆ ಕುಳಿತರು.