ಮುಂದಿನ ಚಕ್ರದ ಬ್ರೇಕು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಮ್ಯಾನೇಜರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಮುಗಿಸಿ, ಪೇಪರ್ ತರುವ ಬಸ್ಸಿಗೆ ಸರಿಯಾಗಿ ಕೊಟ್ಟಿಗೆಹಾರದಲ್ಲಿ ನಿಂತಿರುತ್ತಿದ್ದೆ. ಮಳೆಯಿರಲಿ, ಚಳಿಯಿರಲಿ, ಆ ಕ್ರಮ ತಪ್ಪಿದ್ದಿಲ್ಲ. ಹಾಗಾಗಿಯೇ ಆ ಅಪಘಾತವನ್ನು ಕಣ್ಣಾರೆ ಕಂಡೆ. ಹಾಗಾಗಿಯೇ ಕೋರ್ಟಿನಲ್ಲಿ ಸಾಕ್ಷಿಯೂ ಆದೆ.

ಪಕ್ಕದ ತೋಟದ ಲಾರಿ ಕಾಫಿ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಒಂದೇ ಸಮನೆ ಹಾರನ್ ಬಾರಿಸುತ್ತ ಬಂತು. ಎದುರಿಗೆ ಹೋಟೆಲುಗಳು, ಬಸ್ಸಿಗೆ ಕಾದ ಜನ. ಡ್ರೈವರ್ ಸ್ಟೇರಿಂಗ್ ಎಡಕ್ಕೆ ಎಳೆದು, ಲಾರಿಯನ್ನು ರಸ್ತೆಬದಿಯ ಗುಡ್ಡ ಕಡಿದ ಧರೆಗೆ ಉಜ್ಜಿಸಿ ನಿಲ್ಲಿಸಿದ. ಜನ ಉಳಿದರು. ಆದರೆ ಧರೆಯ ಬುಡದಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದ ಹೋಟೆಲಿನ ಅಡುಗೆಯವನ ಕಾಲು ಸಿಕ್ಕಿಕೊಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಅದನ್ನು ತೆಗೆಯಬೇಕಾಯಿತು.

ಪೊಲೀಸರು ಡ್ರೈವರ್ ಮೇಲೆ ಕೇಸು ಹಾಕಿದರು. ಲಾರಿಯನ್ನು ಪರೀಕ್ಷಿಸಿದ ಆರ್‌ಟಿಒ ಇನ್ಸ್‌ಪೆಕ್ಟರ್, ಮುಂದಿನ ಎರಡೂ ಚಕ್ರಗಳ ಬ್ರೇಕು ಪೂರ್ತಿ ಸಡಿಲವಾಗಿದೆ, ಭಾರವೆಲ್ಲ ಹಿಂದಿನ ಬ್ರೇಕಿನ ಮೇಲೆ ಬಿದ್ದು ಅದು ಕಾದು ಸೋತಿದೆ ಎಂದು ಬರೆದರು.

ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಮಳೆಗಾಲದಲ್ಲಿ ತೋಟದ ದಾರಿಗಳೆಲ್ಲ ಕೆಸರು. ಅಲ್ಲಿ ಮುಂದಿನ ಚಕ್ರ ಬ್ರೇಕು ಹಿಡಿದರೆ ಸ್ಟೇರಿಂಗ್ ಮಾತು ಕೇಳದೆ ಲಾರಿ ಕಣಿವೆಯ ಕಡೆ ಜಾರುತ್ತದೆ ಎಂಬ ಭಯ. ಅದಕ್ಕೆ ಮಳೆ ಹಿಡಿಯುವ ಮುಂಚೆ ಮುಂದಿನ ಬ್ರೇಕು ಸಡಿಲ ಮಾಡಿಸುವುದು, ಕೊಯ್ಲಿಗೆ ಮುಂಚೆ ಮತ್ತೆ ಬಿಗಿ ಮಾಡಿಸುವುದು ರೂಢಿ. ಆ ವರ್ಷ ಕೊಯ್ಲು ಶುರುವಾಗಿದ್ದರೂ ಈ ಲಾರಿಯ ಬ್ರೇಕು ಬಿಗಿಯಾಗಿರಲಿಲ್ಲ.

ಡ್ರೈವರೇ ಸಡಿಲ ಮಾಡಿ, ಗೊತ್ತಿದ್ದೂ ಓಡಿಸಿದ ಎಂಬುದು ಸರ್ಕಾರಿ ವಕೀಲರ ವಾದ. ಅದು ನಿಂತರೆ ಅವನಿಗೆ ಜೈಲು, ಲೈಸೆನ್ಸೂ ಹೋಗುತ್ತಿತ್ತು. ತಲೆ ನರೆತ ಆ ಮನುಷ್ಯನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮೂಡಿಗೆರೆ ಕೋರ್ಟಿನ ಜಗಲಿಯಲ್ಲಿ ಅವನನ್ನೇ ಕೇಳಿದೆ.

“ನೀನೇ ಸಡಿಲ ಮಾಡಿದ್ದಾ ಮಾರಾಯ?”

“ಮಳೆಗಾಲದಲ್ಲಿ ಯಾರು ಮಾಡಲ್ಲ ಸಾರ್? ಈ ಕಡೇದು ಯಾವ ಲಾರಿ ಬೇಕಾದ್ರೂ ಬಿಚ್ಚಿ ನೋಡಿ.”

“ಮಳೆ ಹೋದ್ಮೇಲೆ ಬಿಗಿ ಮಾಡಿಸ್ಬೇಕಿತ್ತಲ್ಲ?”

ಅವನು ಅಂಗಳದ ಕಡೆ ಮುಖ ತಿರುಗಿಸಿದ. “ಅದೆಲ್ಲ ಎಂತಕ್ಕೆ ಈಗ. ಅಮ್ಮೋರ ಅನ್ನ ತಿಂದಿದೀನಿ, ಬಿಡಿ.”

ಅಮ್ಮೋರು ಎಂದರೆ ಲಾರಿಯ ಮಾಲೀಕರು. ಗಂಡ ತೀರಿಕೊಂಡ ಮೇಲೆ ಇಡೀ ತೋಟವನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸು. ಅವತ್ತು ಸಾಕ್ಷಿ ಹೇಳಲು ಅವರೂ ಬಂದಿದ್ದರು. ನನ್ನ ಸಾಕ್ಷಿ ಮುಗಿದ ಮೇಲೆ ಅವರನ್ನು ಕರೆದರು.

“ಲಾರಿ ನೋಡ್ಕೊಳ್ಳೋ ಜವಾಬ್ದಾರಿ ಡ್ರೈವರ್‌ದು ತಾನೆ?” ಸರ್ಕಾರಿ ವಕೀಲರು ಕೇಳಿದರು.

“ತೊಳೆಯೋದು, ಆಯಿಲ್ ನೋಡೋದು ಅವನ್ದು. ಗ್ಯಾರೇಜಿಗೆ ಕಳಿಸೋದು ನಂದು.”

“ಬ್ರೇಕು ಸಡಿಲ ಇದ್ದದ್ದು ನಿಮಗೆ ಗೊತ್ತಿತ್ತಾ?”

ಅಮ್ಮೋರ ಜೊತೆ ಬಂದಿದ್ದ ವಕೀಲರು ಕೆಮ್ಮಿದರು. ಅಮ್ಮೋರು ಆ ಕಡೆ ನೋಡಲಿಲ್ಲ.

“ಗೊತ್ತಿತ್ತು. ಮಳೆಗಾಲಕ್ಕೆ ಸಡಿಲ ಮಾಡಿಸಿದ್ದೇ ನಾನು. ಅವತ್ತು ಬೆಳಿಗ್ಗೆ ಜಗಲಿ ಹತ್ರ ಬಂದು, ಮೊದಲು ಗ್ಯಾರೇಜಿಗೆ ಹೋಗಿ ಬರ್ಲಾ ಅಮ್ಮ ಅಂದ. ಈ ಲೋಡ್ ಇಳಿಸಿ ಹೋಗು ಅಂದೆ.”

“ಅವನು ಬೇಡ ಅಂದ್ರೂ ಒತ್ತಾಯ ಮಾಡಿದ್ರಾ?”

“ನಾನು ಹೇಳಿದ್ರೆ ಸಾಕಲ್ಲ. ಒತ್ತಾಯ ಎಂತಕ್ಕೆ?”

ಟೈಪು ಮಾಡುತ್ತಿದ್ದವರ ಕೈ ನಿಂತಿತು. ನ್ಯಾಯಾಧೀಶರು ಕನ್ನಡಕ ತೆಗೆದರು. “ಅಮ್ಮ, ನಾಳೆ ಪರಿಹಾರದ ಕೇಸಿನಲ್ಲಿ ಇದೇ ಮಾತು ನಿಮ್ಮ ಮೇಲೆ ಬರುತ್ತೆ. ಗೊತ್ತಲ್ಲ?”

“ಬರ್ಲಿ ಸ್ವಾಮಿ. ನನ್ನ ಮೇಲೇ ಅಲ್ವಾ ಬರ್ಬೇಕಾದ್ದು.”

ಕಟಕಟೆಯಲ್ಲಿ ಡ್ರೈವರ್ ತಲೆ ತಗ್ಗಿಸಿದ. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಆ ಬೆಳಗಿನ ಮಾತು ಕೇಳಿದ ಮೂರನೆಯವರಿರಲಿಲ್ಲ. ಅಮ್ಮೋರು ಸುಮ್ಮನಿದ್ದಿದ್ದರೆ ಯಾವ ಪರೀಕ್ಷೆಗೂ ಅದು ಸಿಗುತ್ತಿರಲಿಲ್ಲ. ನಾನು ಹುಕುಂ ಪಾಲಿಸಿಯೂ ಬದುಕಿದವನು, ಕೊಟ್ಟೂ ಬದುಕಿದವನು. ಕೆಲಸ ಕೆಟ್ಟ ಮೇಲೆ, ಆ ಹುಕುಂ ನನ್ನದು ಎಂದು ತಾವಾಗಿಯೇ ಮುಂದೆ ಬಂದವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಬಂದಾಗ, ನಾನು ಬೆಂಚಿನಿಂದ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು.

ಡ್ರೈವರ್ ಬಿಡುಗಡೆಯಾದ. ಅಡುಗೆಯವನ ಪರಿಹಾರದ ಕೇಸಿನಲ್ಲಿ ನ್ಯಾಯಾಧೀಶರು, ಬ್ರೇಕು ಕೆಟ್ಟಿತು ಎಂದರೆ ಹೊಣೆ ಕಳೆಯುವುದಿಲ್ಲ, ಸರಿಯಾಗಿ ಇಟ್ಟಿದ್ದೆ ಎಂದು ಮಾಲೀಕರೇ ತೋರಿಸಬೇಕು ಎಂದರು. ಅಮ್ಮೋರು ಅಲ್ಲಿಯೂ ಅದೇ ಮಾತು ಹೇಳಿದರು.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರ ಕಣದ ಪಕ್ಕ ಹಾದು ಹೋಗುತ್ತಿದ್ದೆ. ಅದೇ ಲಾರಿಗೆ ಗೊಬ್ಬರದ ಮೂಟೆ ಹೇರುತ್ತಿದ್ದರು.

“ಅಮ್ಮ, ಮುಂದಿಂದು ಬಿಗಿ ಇದ್ರೆ ಕೆಸರಲ್ಲಿ ಜಾರುತ್ತೆ,” ಡ್ರೈವರ್ ಗೊಣಗುತ್ತಿದ್ದ.

“ಹಾಗಾದ್ರೆ ಅರ್ಧ ಲೋಡ್ ಹಾಕು. ನಿಧಾನ ಹೋಗು.”

“ಎರಡು ಸಲ ತಿರುಗ್ಬೇಕಾಗುತ್ತೆ.”

“ತಿರುಗು ಮಾರಾಯ. ಮತ್ತೆ ಲೈಸೆನ್ಸ್ ಉಳಿದದ್ದು ಎಂತಕ್ಕೆ, ಗೋಡೆಗೆ ಹಾಕ್ಕೊಳ್ಳೋಕಾ?”

ಅವನು ನಗುತ್ತ ಏರಿ ಕುಳಿತ. ಅಮ್ಮೋರು ಕೊಡೆ ಹಿಡಿದು ಇಳಿಜಾರಿನ ತುದಿಯವರೆಗೂ ನಡೆದು ಹೋದರು. ಮೊದಲ ತಿರುವಿನಲ್ಲಿ ಲಾರಿ ಒಮ್ಮೆ ಬ್ರೇಕು ಹಿಡಿದು ನಿಂತು, ಮತ್ತೆ ಹೊರಟದ್ದನ್ನು ನೋಡಿದ ಮೇಲೆಯೇ ಮನೆಯ ಕಡೆ ತಿರುಗಿದರು.