ಬಾಣಂತಿ ಕೋಣೆಯ ಬಿಸಿ

ನನ್ನ ಮೊದಲ ಮಗ ಹುಟ್ಟಿದ್ದು ಡಿಸೆಂಬರಿನ ಕೊನೆಯಲ್ಲಿ. ಆಸ್ಪತ್ರೆಯಿಂದ ನೇರವಾಗಿ ಹಳೇಬೀಡಿನ ತವರುಮನೆಗೆ ಬಂದೆ. ಆಗ ನಾನು ಜಾವಗಲ್ಲಿನ ಒಂದು ಹೈಸ್ಕೂಲಿನಲ್ಲಿ ಆರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೆ. ಇದ್ದಿಲು ಉರಿದಾಗ ಯಾವ ಅನಿಲ ಹೊರಬರುತ್ತದೆ, ಗಾಳಿಯಾಡದ ಕೋಣೆಯಲ್ಲಿ ಬೆಂಕಿ ಯಾಕೆ ಇಡಬಾರದು ಎಂಬುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಹೆದರಿಸುತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವ್ವ ನನಗೆಂದು ನಡುಮನೆಯ ಪಕ್ಕದ ಕೋಣೆಯನ್ನು ಅಣಿ ಮಾಡಿದ್ದಳು. ಇದ್ದ ಒಂದೇ ಕಿಟಕಿಯನ್ನು ಮುಚ್ಚಿ, ಸಂದಿಗೆಲ್ಲ ಗೋಣಿಚೀಲ ತುರುಕಿ, ಮೇಲೊಂದು ಹಳೆಯ ಕಂಬಳಿಯನ್ನು ಮೊಳೆ ಹೊಡೆದು ಬಿಗಿದಿದ್ದಳು. ಮಂಚದ ಪಕ್ಕದಲ್ಲಿ ಅಗ್ಗಿಷ್ಟಿಕೆ. ಅದರ ತುಂಬ ತೆಂಗಿನ ಕರಟದ ಕೆಂಡ. ನನ್ನ ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಕಾಲಿಗೆ ಉಲ್ಲನ್ ಸಾಕ್ಸು. ಮಗನಿಗೆ ಕುಲಾವಿ, ಎರಡು ಅಂಗಿ, ಸ್ವೆಟರು, ಅದರ ಮೇಲೆ ನಾಲ್ಕು ಸುತ್ತು ಹಳೆಯ ಸೀರೆ. ಮೊದಲ ಎರಡು ವಾರ ಅವನ ಮೈಯಲ್ಲಿ ನನಗೆ ಸರಿಯಾಗಿ ಪರಿಚಯವಾದದ್ದು ಮೂಗು ಒಂದೇ.

ಮಗು ಅತ್ತರೆ ಅವ್ವನ ಬಳಿ ಒಂದೇ ಕಾರಣವಿತ್ತು. "ಚಳಿ ಕಣೇ ಅದುಕ್ಕೆ," ಎಂದು ಇನ್ನೊಂದು ಸುತ್ತು ಸುತ್ತುತ್ತಿದ್ದಳು. ಸುತ್ತಿದ ಮೇಲೆ ಅದು ಇನ್ನೂ ಜೋರಾಗಿ ಅಳುತ್ತಿತ್ತು. "ನೋಡ್ದಾ, ಎಂಥಾ ಚಳಿ ಐತೆ!" ಎಂದು ಕೆಂಡ ಕೆದಕುತ್ತಿದ್ದಳು.

ನೋಡಲು ಬಂದ ನೆಂಟರು "ಬೆಚ್ಚಗೆ ಚೆನ್ನಾಗೈತೆ ಕಣವ್ವ" ಎಂದು ಹೊಗಳಿ, ಐದು ನಿಮಿಷದಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಟುಬಿಡುತ್ತಿದ್ದರು. ಅಪ್ಪ ಹೊಸಿಲ ಆಚೆ ನಿಂತು ಕತ್ತು ಚಾಚಿ ಮೊಮ್ಮಗನನ್ನು ನೋಡಿ, "ಆಮ್ಯಾಕೆ ಬತ್ತೀನಿ" ಎಂದು ಜಗಲಿಗೆ ಹೋಗುತ್ತಿದ್ದ. ಆ ಆಮ್ಯಾಕೆ ಯಾವತ್ತೂ ಬರುತ್ತಿರಲಿಲ್ಲ.

ಈ ಬಿಸಿಯ ಉಪಯೋಗ ಪಡೆದವರೂ ಇದ್ದರು. ಆ ಚಳಿಯಲ್ಲಿ ಯಾರ ಮನೆಯಲ್ಲೂ ಇಡ್ಲಿ ಹಿಟ್ಟು ಉಬ್ಬುತ್ತಿರಲಿಲ್ಲ, ಹಾಲು ಹೆಪ್ಪಾಗುತ್ತಿರಲಿಲ್ಲ. ಅವ್ವ ಒಂದು ದಿನ ನಮ್ಮ ಹಿಟ್ಟಿನ ಪಾತ್ರೆಯನ್ನು ನನ್ನ ಮಂಚದ ಕೆಳಗೆ ಇಟ್ಟಳು. ನಾಲ್ಕು ಗಂಟೆಯಲ್ಲಿ ಅದು ಮುಚ್ಚಳ ತಳ್ಳಿಕೊಂಡು ಮೇಲೆ ಬಂತು. ಸುದ್ದಿ ಬೀದಿಗೆ ಹಬ್ಬಿತು. ಮರುದಿನದಿಂದ ಅಕ್ಕಪಕ್ಕದ ಮೂರು ಮನೆಯ ಹಿಟ್ಟು, ಎರಡು ಮನೆಯ ಮೊಸರು, ನಾನು, ನನ್ನ ಮಗ, ಎಲ್ಲರೂ ಒಂದೇ ಕೋಣೆಯಲ್ಲಿ ಹುದುಗತೊಡಗಿದೆವು.

ಅರಸೀಕೆರೆಯಿಂದ ಭಾನುವಾರ ಬಂದ ನನ್ನ ಗಂಡ, ಒಳಗೆ ಕಾಲಿಟ್ಟ ಕೂಡಲೇ ಸ್ವೆಟರು ಬಿಚ್ಚಿದರು. ಅತ್ತೆಗೆ ಎದುರು ಹೇಳುವ ಧೈರ್ಯ ಅವರಿಗಿರಲಿಲ್ಲ. ಮುಂದಿನ ವಾರ ಬರುವಾಗ, ಕೋಣೆಯ ಉಷ್ಣತೆ ತೋರಿಸುವ ಪುಟ್ಟ ಗಡಿಯಾರವೊಂದನ್ನು ತಂದು ಗೋಡೆಗೆ ನೇತುಹಾಕಿ, ಮಾತಿಲ್ಲದೆ ಬಸ್ಸು ಹತ್ತಿದರು. ಅಂಕಿ ನೋಡಿ ಅವ್ವ ತಾನೇ ಅರ್ಥ ಮಾಡಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕ.

"ಏನಂತೈತೆ ಅದು?" ಎಂದಳು ಅವ್ವ.

"ಮೂವತ್ತೆರಡು," ಎಂದೆ, ಸ್ವಲ್ಪ ಒತ್ತಿ.

ಅವ್ವನ ಮುಖ ಬಾಡಿತು. "ಮೂವತ್ತೆರಡೇಯಾ? ಪಾಸಾಗಾಕೇ ಮೂವತ್ತೈದು ಬೇಕಲ್ವೇನೇ?"

ಟೀಚರ್ ಮಗಳ ತಾಯಿ. ನಾನು ಉತ್ತರ ಪತ್ರಿಕೆ ತಿದ್ದುವಾಗ ಪಕ್ಕದಲ್ಲಿ ಕೂತು ಆ ಅಂಕಿ ಕಲಿತಿದ್ದಳು. ಇನ್ನೊಂದು ಬುಟ್ಟಿ ಕರಟ ಬಂತು. ಸಂಜೆಗೆ ಕೋಣೆ ಮೂವತ್ತಾರು ತೆಗೆದು ಪಾಸಾಯಿತು. ನಾನು ನಕ್ಕೆ. ಗಂಡನಿಗೆ ಫೋನು ಮಾಡಿ ಹೇಳಿ ಅವರನ್ನೂ ನಗಿಸಿದೆ. ನಕ್ಕು ಸುಮ್ಮನಾದೆವಲ್ಲ, ಅದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ವಾರ ಮಗುವಿನ ಕುತ್ತಿಗೆ, ಬೆನ್ನು, ತೊಡೆ ಸಂದಿಯಲ್ಲೆಲ್ಲ ಬೆವರುಸಾಲೆ ಎದ್ದಿತು. ಬೇಲೂರಿಗೆ ಕರೆದುಕೊಂಡು ಹೋದೆವು. ಮಕ್ಕಳ ಡಾಕ್ಟರು ಕನ್ನಡಕ ಹಾಕಿದ ಎಳೆಯ ಹೆಣ್ಣುಮಗಳು. ಸೀರೆಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಪೇರಿಸಿದರು.

"ಇದಕ್ಕೆ ಚಳಿ ಅಲ್ಲಮ್ಮ, ಸೆಕೆ. ನಿಮಗೆ ಕೋಣೆ ಹಿತವಾಗಿದ್ರೆ ಮಗೂಗೂ ಹಿತವೇ. ನೀವು ಹಾಕ್ಕೊಂಡಿದ್ದಕ್ಕಿಂತ ಒಂದು ಬಟ್ಟೆ ಜಾಸ್ತಿ ಹಾಕಿ, ಸಾಕು. ಮುಚ್ಚಿದ ಕೋಣೇಲಿ ಕೆಂಡ ಮಾತ್ರ ಇಡಲೇಬೇಡಿ, ಪ್ರಾಣಕ್ಕೇ ಅಪಾಯ." ಆಮೇಲೆ ನನ್ನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರ?" ಎಂದರು.

"ಟೀಚರ್," ಎಂದೆ. ಯಾವ ವಿಷಯ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವ್ವ ಡಾಕ್ಟರ ಪ್ರತಿ ಮಾತಿಗೂ ತಲೆಯಾಡಿಸಿದ್ದಳು. ಆಟೋ ಹತ್ತಿದ ಮೇಲೆ ಕೇಳಿದಳು: "ಆವಮ್ಮುಂಗೆ ಮಕ್ಳೆಷ್ಟಂತೆ?"

"ನಂಗೇನ್ ಗೊತ್ತವ್ವ?"

"ಮದ್ವೆನೇ ಆದಂಗಿಲ್ಲ," ಎಂದಳು ಅವ್ವ. ಡಾಕ್ಟರ ಸಲಹೆ ಅಲ್ಲಿಗೆ ಮುಗಿಯಿತು. ಹಚ್ಚಲು ಕೊಟ್ಟ ಲೋಷನ್ನನ್ನು ಮಾತ್ರ ತಪ್ಪದೆ ಹಚ್ಚಿದಳು.

ನಾಲ್ಕು ದಿನ ಕಳೆದಿರಬೇಕು. ಮಂಜು ಹನ್ನೊಂದಾದರೂ ಬಿಟ್ಟಿರಲಿಲ್ಲ. ಮಗುವಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡಲೆಂದು ಅವ್ವ ಹೊಸ ಕೆಂಡ ತುಂಬಿ ಬಾಗಿಲು ಹಾಕಿಕೊಂಡಳು. ಮಗು ನನ್ನ ತೊಡೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ನನ್ನ ತಲೆ ಭಾರವಾಯಿತು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡೆ. ಅವ್ವ ಗೋಡೆಗೆ ಒರಗಿ, "ಯಾಕೋ ತಲೆ ತಿರುಗ್ತೈತೆ ಕಣೇ," ಎಂದಳು. ಏಳಲು ಹೋಗಿ ಮತ್ತೆ ಕುಸಿದು ಕೂತಳು. ಮಗು ಅಳು ನಿಲ್ಲಿಸಿತ್ತು. ಅದು ಸುಮ್ಮನಾಯಿತಲ್ಲ ಎಂದು ಒಂದು ಕ್ಷಣ ನನಗೆ ಸಮಾಧಾನವೂ ಆಯಿತು. ಆಮೇಲೆ, ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದ ಸಾಲು ನನ್ನದೇ ಅಕ್ಷರದಲ್ಲಿ ಕಣ್ಣೆದುರು ಬಂತು.

ಮಗುವನ್ನು ಎದೆಗವಚಿಕೊಂಡು ಬಾಗಿಲಿನ ಚಿಲಕ ಎಳೆದು, "ಅಪ್ಪಾ!" ಎಂದು ಕೂಗಿದೆ. ಅಪ್ಪ ಜಗಲಿಯಿಂದ ಓಡಿ ಬಂದು ಅವ್ವನ ಎರಡೂ ಕಂಕುಳಿಗೆ ಕೈಕೊಟ್ಟು ಎಳೆದು ಹೊರಗೆ ತಂದ. ಅವ್ವ ಅಂಗಳದಲ್ಲಿ ವಾಂತಿ ಮಾಡಿಕೊಂಡಳು. ನಾನು ಬರಿಗಾಲಲ್ಲಿ ಮಂಜಿನಲ್ಲಿ ನಿಂತು, ಮಗನ ಸುತ್ತು ಬಿಚ್ಚಿ ಕೆನ್ನೆ ತಟ್ಟುತ್ತಿದ್ದೆ. ಅವನು ಕಣ್ಣು ಬಿಟ್ಟು, ಬಾಯಿ ತೆರೆದು ಉದ್ದಕ್ಕೆ ಆಕಳಿಸಿ, ಜೋರಾಗಿ ಅಳತೊಡಗಿದ. ಆ ಅಳುವಿನಷ್ಟು ಚೆಂದದ್ದನ್ನು ನಾನು ಕೇಳಿಲ್ಲ.

ಬೇಲೂರಿನ ಆಸ್ಪತ್ರೆಯಲ್ಲಿ ಅವ್ವನಿಗೆ ಆಕ್ಸಿಜನ್ ಕೊಟ್ಟು, ನಮ್ಮಿಬ್ಬರನ್ನೂ ಪರೀಕ್ಷಿಸಿ, ಮರುದಿನ ಮನೆಗೆ ಕಳಿಸಿದರು. ಏನಾಯಿತು ಎಂದು ಕೇಳಿದ ನರ್ಸಿಗೆ ಅವ್ವ, "ಮಂಜಿನ ಗಾಳಿ ತಗುಲ್ತು ಕಣವ್ವ," ಎಂದಳು.

ನಾವು ಬರುವಷ್ಟರಲ್ಲಿ ಅಪ್ಪ ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಎಸೆದು, ಕಂಬಳಿ ಕಿತ್ತು, ಕಿಟಕಿ ತೆರೆದಿದ್ದ. ಅವ್ವ ಹೊಸಿಲಲ್ಲೇ ನಿಂತು ಕೋಣೆಯನ್ನು ನೋಡಿದಳು. ಜಗಳವಾಗುತ್ತದೆ ಎಂದುಕೊಂಡೆ. "ಸಾಂಬ್ರಾಣಿ ವಾಸ್ನೆ ಹೋಗ್ಲಿ, ಒಸಿ ಹೊತ್ತು ತೆಗ್ದಿರ್ಲಿ," ಎಂದಳು. ಆ ಒಸಿ ಹೊತ್ತು ನನ್ನ ಬಾಣಂತನ ಮುಗಿಯುವವರೆಗೂ ನಡೆಯಿತು. ಮೂರು ಸುತ್ತು ಸೀರೆ ಇಳಿಯಿತು. ಬೆವರುಸಾಲೆ ವಾರದೊಳಗೆ ಮಾಯವಾಯಿತು. ಮಗು ಗಂಟೆಗಟ್ಟಲೆ ನಿದ್ದೆ ಮಾಡತೊಡಗಿತು. ನಷ್ಟವಾದದ್ದು ಪಕ್ಕದ ಮನೆಯವರಿಗೆ. ಹಿಟ್ಟು ಉಬ್ಬುತ್ತಿಲ್ಲ ಎಂದು ಒಬ್ಬಾಕೆ ಎರಡು ದಿನ ನಮ್ಮೊಡನೆ ಮಾತು ಬಿಟ್ಟಳು.

ಅವ್ವ ತನ್ನದು ತಪ್ಪಾಯಿತು ಎಂದು ಇವತ್ತಿಗೂ ಹೇಳಿಲ್ಲ. ಹೋದ ಚಳಿಗಾಲದಲ್ಲಿ ನಮ್ಮ ಬೀದಿಯ ಬಾಣಂತಿಯೊಬ್ಬಳ ಮನೆಗೆ ಹೋಗಿ, "ಕೆಂಡಗಿಂಡ ಇಟ್ಟೀಯ! ನಾವು ನಮ್ ಕಾಲ್ದಲ್ಲೂ ಕಿಟಕಿ ತೆಗ್ದೇ ಮಲಗಿಸ್ತಿದ್ದೋ," ಎಂದು ಬೈದು ಬಂದಳಂತೆ. ನನಗೆ ಅದನ್ನು ತಿದ್ದಬೇಕು ಎನಿಸಲಿಲ್ಲ.

ಅವ್ವನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಅಪ್ಪನ ಮೇಲೆ. ಬಾಣಂತನ ಮುಗಿಸಿ ಅರಸೀಕೆರೆಗೆ ಹೊರಡುವ ದಿನ, ಜಗಲಿಯಲ್ಲಿ ಮಗನನ್ನು ಅವನ ತೊಡೆಗೆ ಕೊಟ್ಟು ಕೇಳಿಯೇಬಿಟ್ಟೆ: "ಆ ಸೆಕೆಗೆ ನೀನು ಒಳಗೇ ಬರ್ತಿರ್ಲಿಲ್ಲ. ಇದು ಜಾಸ್ತಿಯಾಯ್ತು ಅಂತ ಅವ್ವಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಅಪ್ಪ ಮೊಮ್ಮಗನ ಕಾಲಿನ ಸಾಕ್ಸು ಸರಿಮಾಡಿದ.

"ಅದೆಲ್ಲ ಓದ್ದೋಳು ನೀನು," ಎಂದ. "ಒಳ್ಗೇ ಇದ್ದಲ್ಲ. ಏನೂ ಅನ್ಲಿಲ್ಲ. ಸರಿಯಾಗೇ ಇರ್ಬೇಕು ಅನ್ಕಂಡೆ."